ಹಿರಿಯ ರಾಕ್ ಕಲಾವಿದರ ಹೊಸ ಆಲ್ಬಂಗಳು: ಒಬ್ಬ ಲೆಕ್ಕಪರಿಶೋಧಕನ ನೋಟ

ವಾಣಿಜ್ಯ, ತೆರಿಗೆ ಹಾಗೂ ಕೈಗಾರಿಕಾ ನೀತಿಗಳಿಗೆ ಮೀಸಲಾದ ಈ ಪತ್ರಿಕೆಯಲ್ಲಿ ಪಾಶ್ಚಾತ್ಯ ರಾಕ್ ಸಂಗೀತದ ಪ್ರಸ್ತಾಪ ಬಂದರೆ ಸದಸ್ಯ ಬಂಧುಗಳು ಹುಬ್ಬೇರಿಸಬಹುದು. ಆದರೆ ಐವತ್ತು, ಅರವತ್ತು ವರ್ಷಗಳ ಕಾಲ ಒಂದೇ ಹೆಸರಿನಲ್ಲಿ, ಬಹುಮಟ್ಟಿಗೆ ಅವರೇ ಪಾಲುದಾರರೊಂದಿಗೆ, ಅದೇ ಗ್ರಾಹಕ ವರ್ಗಕ್ಕೆ ಸರಕು ಒದಗಿಸಿ ಲಾಭ ಗಳಿಸಿದ ಸಂಸ್ಥೆ ಯಾವುದೇ ಆಗಿರಲಿ, ಅದು ನಮ್ಮ ಅಧ್ಯಯನಕ್ಕೆ ಯೋಗ್ಯವೇ ಸರಿ. 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರೋಲಿಂಗ್ ಸ್ಟೋನ್ಸ್ ತಂಡ ಅಂಥದೊಂದು ಸಂಸ್ಥೆ. ಅದರ ಮುಖ್ಯ ಗಾಯಕ ಮಿಕ್ ಜಾಗರ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ವಿದ್ಯಾರ್ಥಿಯಾಗಿದ್ದವರು; ಪದವಿ ಮುಗಿಸುವ ಮೊದಲೇ ಹಾಡಲು ಹೊರಟರು. ಲೆಕ್ಕಾಚಾರದ ಬುದ್ಧಿಯನ್ನು ಮಾತ್ರ ಅಲ್ಲಿಯೇ ಬಿಟ್ಟು ಬರಲಿಲ್ಲವೆಂಬುದು ಮುಂದಿನ ಅಂಕಿಅಂಶಗಳಿಂದ ವಿದಿತವಾಗುತ್ತದೆ.

2023ರ ಅಕ್ಟೋಬರ್ 20ರಂದು ಈ ತಂಡದ 'ಹ್ಯಾಕ್ನಿ ಡೈಮಂಡ್ಸ್' ಎಂಬ ಆಲ್ಬಂ ಬಿಡುಗಡೆಯಾಯಿತು. ಸ್ವಂತ ಹೊಸ ಹಾಡುಗಳ ಆಲ್ಬಂ ಎಂಬ ಲೆಕ್ಕದಲ್ಲಿ ಅದು 2005ರ 'ಎ ಬಿಗ್ಗರ್ ಬ್ಯಾಂಗ್' ಬಳಿಕ, ಅಂದರೆ 18 ವರ್ಷಗಳ ನಂತರ ಬಂದದ್ದು. ಜಾಗರ್ ಮತ್ತು ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಇಬ್ಬರೂ 1943ರಲ್ಲಿ ಜನಿಸಿದವರು. ಆಗ ಒಬ್ಬರಿಗೆ ಎಂಬತ್ತು ತುಂಬಿತ್ತು, ಇನ್ನೊಬ್ಬರಿಗೆ ತುಂಬುವುದರಲ್ಲಿತ್ತು. ಹಳೆಯ ಹಾಡುಗಳೇ ಯಥೇಚ್ಛ ಆದಾಯ ತರುತ್ತಿರುವಾಗ ಈ ವಯಸ್ಸಿನಲ್ಲಿ ಹೊಸ ಆಲ್ಬಂನ ಅಗತ್ಯವಾದರೂ ಏನು? ಅದರ ಮಾರಾಟದ ಅಂಕಿಯನ್ನು ಯಾವ ಶೀರ್ಷಿಕೆಯಡಿ ಓದಬೇಕು? ಈ ಲೇಖನದ ವಿಷಯ ಇಷ್ಟೇ.

ಧ್ವನಿಮುದ್ರಿಕೆಯ ಖಾತೆ

ಮೊದಲಿಗೆ ಧ್ವನಿಮುದ್ರಿಕೆಯ ವ್ಯಾಪಾರ ನಡೆಯುವ ಬಗೆಯನ್ನು ತಿಳಿಯೋಣ. ಸಾಂಪ್ರದಾಯಿಕ ಒಪ್ಪಂದದಲ್ಲಿ ಕಂಪನಿಯು ಕಲಾವಿದನಿಗೆ ಮುಂಗಡ ಹಣ ನೀಡಿ ಧ್ವನಿಮುದ್ರಣದ ಖರ್ಚನ್ನು ತಾನೇ ಭರಿಸುತ್ತದೆ. ಕೇಳಲು ಉದಾರವಾಗಿ ತೋರುವ ಈ ವ್ಯವಸ್ಥೆಯಲ್ಲಿ ಆ ಮೊಬಲಗು ಪೂರ್ತಿಯಾಗಿ ಕಲಾವಿದನ ರಾಯಲ್ಟಿಯಿಂದಲೇ ವಸೂಲಾಗಬೇಕು. ಉದಾಹರಣೆಗೆಂದು, ಮುಂಗಡ 10 ಲಕ್ಷ ಡಾಲರ್, ಪ್ರತಿ ಸಿ.ಡಿ.ಗೆ ಸಲ್ಲುವ ನಿವ್ವಳ ರಾಯಲ್ಟಿ ಒಂದೂವರೆ ಡಾಲರ್ ಎಂದು ಇಟ್ಟುಕೊಂಡರೆ, ಸುಮಾರು 6 ಲಕ್ಷ 67 ಸಾವಿರ ಪ್ರತಿಗಳು ಮಾರಾಟವಾಗುವವರೆಗೆ ಕಲಾವಿದನ ಕೈಗೆ ಮತ್ತೆ ಕಾಸು ಬಾರದು. ಇದರ ಮೇಲೆ ಪೆಟ್ಟಿಗೆ, ಹೊದಿಕೆಗಳ ಕಡಿತ ಹಾಗೂ ಮಳಿಗೆಗಳಿಂದ ವಾಪಸು ಬರಬಹುದಾದ ಸರಕಿಗೆಂದು ತಡೆಹಿಡಿಯುವ ಮೊತ್ತ ಬೇರೆ. ಸಾಲ ತೀರಿದ ಮೇಲೂ ಮೂಲ ಧ್ವನಿಮುದ್ರಣದ ಒಡೆತನ ಕಂಪನಿಯದೇ. ಮನೆಯ ಸಾಲ ತೀರಿಸಿದ ನಂತರವೂ ಮನೆಯ ಖಾತೆ ಬ್ಯಾಂಕಿನ ಹೆಸರಿನಲ್ಲೇ ಉಳಿದಂತೆ!

ಒಡೆತನದ ವಿಚಾರದಲ್ಲಿ ಸ್ಟೋನ್ಸ್ ತಂಡ ತೆತ್ತ ಬೆಲೆ ದೊಡ್ಡದು. 1960ರ ದಶಕದ ಅವರ ಧ್ವನಿಮುದ್ರಣಗಳೂ ಹಾಡುಗಳ ಹಕ್ಕುಗಳೂ ಅವರ ಅಂದಿನ ವ್ಯವಸ್ಥಾಪಕ ಅಲೆನ್ ಕ್ಲೈನ್ ಅವರ ಆ್ಯಬ್ಕೊ ಸಂಸ್ಥೆಯ ಪಾಲಾದವು. ಅಭಿಮಾನಿಗಳು ಇಂದಿಗೂ ಹಾಡಿಸಿ ಕುಣಿಯುವ ಹಲವು ಗೀತೆಗಳು ಈ ರೀತಿ ಕೈಬಿಟ್ಟುಹೋದವು. 1971ರ 'ಸ್ಟಿಕಿ ಫಿಂಗರ್ಸ್' ಆಲ್ಬಂನಿಂದ ಮುಂದಿನವು ಮಾತ್ರ ತಂಡದ ಸ್ವತ್ತು. 1968ರಿಂದ ಅವರ ಹಣಕಾಸು ನೋಡಿಕೊಂಡ ಬ್ಯಾಂಕರ್ ಪ್ರಿನ್ಸ್ ರೂಪರ್ಟ್ ಲೋವೆನ್‌ಸ್ಟೈನ್ ಅವರ ಸಲಹೆಯ ಮೇರೆಗೆ 1971ರಲ್ಲಿ ತಂಡವು ತೆರಿಗೆಯ ಹೊರೆ ತಪ್ಪಿಸಿಕೊಳ್ಳಲು ಬ್ರಿಟನ್ ತೊರೆದು ಫ್ರಾನ್ಸಿಗೆ ಹೋದದ್ದು ನಮ್ಮ ವೃತ್ತಿಯವರಿಗೆ ಸ್ವಾರಸ್ಯಕರ ಸಂಗತಿ. ಒಬ್ಬ ಸಮರ್ಥ ಹಣಕಾಸು ಸಲಹೆಗಾರ ಮೂರು ವರ್ಷ ಮೊದಲೇ ದೊರೆತಿದ್ದರೆ ಹಕ್ಕುಗಳ ಕಥೆಯೂ ಬೇರೆಯಾಗುತ್ತಿತ್ತೇನೋ.

ಇನ್ನು ಒಟ್ಟಾರೆ ಮಾರುಕಟ್ಟೆಯ ಸ್ಥಿತಿ. ಅಮೆರಿಕದ ಧ್ವನಿಮುದ್ರಿಕಾ ಉದ್ಯಮದ ವಾರ್ಷಿಕ ವರಮಾನ 1999ರಲ್ಲಿ 1,460 ಕೋಟಿ ಡಾಲರ್‌ಗೆ ಮುಟ್ಟಿ, 2014ರ ಹೊತ್ತಿಗೆ 670 ಕೋಟಿಯ ಆಸುಪಾಸಿಗೆ ಕುಸಿಯಿತು. ಅಂತರಜಾಲದಲ್ಲಿ ಹಾಡು ಪುಕ್ಕಟೆಯಾಗಿ ದೊರೆಯತೊಡಗಿದ್ದು ಕಾರಣ. ಧ್ವನಿಮುದ್ರಿಕೆಯಿಂದ ಕಲಾವಿದರು ಚೆನ್ನಾಗಿ ಸಂಪಾದಿಸಿದ್ದು ಸುಮಾರು 1970ರಿಂದ 1997ರವರೆಗಿನ ಅಲ್ಪಾವಧಿಯಲ್ಲಿ ಮಾತ್ರ ಎಂದು ಜಾಗರ್ 2010ರಲ್ಲಿ ಬಿ.ಬಿ.ಸಿ. ಸಂದರ್ಶನದಲ್ಲಿ ಹೇಳಿದ್ದರು. ನಾವು ಶಾಶ್ವತವೆಂದು ಭಾವಿಸಿದ ವ್ಯಾಪಾರ ಪದ್ಧತಿ ಇತಿಹಾಸದಲ್ಲೊಂದು ಸಣ್ಣ ಕಿಟಕಿಯಷ್ಟೇ ಆಗಿತ್ತೆಂಬ ಈ ಮಾತನ್ನು ಬಟ್ಟೆ ಗಿರಣಿಗಳ ಏಳುಬೀಳು ಕಂಡ ನಮ್ಮ ನಾಡಿನ ಉದ್ಯಮಿಗಳು ಸುಲಭವಾಗಿ ಗ್ರಹಿಸಬಲ್ಲರು.

ಪ್ರವಾಸದ ಖಾತೆ

ಹಣ ಬಂದದ್ದು ವೇದಿಕೆಯಿಂದ. 1989ರ 'ಸ್ಟೀಲ್ ವೀಲ್ಸ್' ಪ್ರವಾಸದಲ್ಲಿ ಕೆನಡಾದ ಮೈಕಲ್ ಕೋಲ್ ಎಂಬ ವ್ಯವಸ್ಥಾಪಕರು ಇಡೀ ಪ್ರವಾಸವನ್ನು ಒಂದೇ ಗುತ್ತಿಗೆಯಾಗಿ ವಹಿಸಿಕೊಂಡರು. ಅದುವರೆಗೆ ಊರೂರಿನ ಆಯೋಜಕರ ಜೊತೆ ಬೇರೆ ಬೇರೆ ಕರಾರು ನಡೆಯುತ್ತಿತ್ತು. ಟಿಕೆಟ್, ಪ್ರಾಯೋಜಕತ್ವ, ಅಂಗಿ ಟೋಪಿಗಳ ಮಾರಾಟ ಎಲ್ಲವೂ ಒಂದೇ ಸೂರಿನಡಿ ಬಂದ ಮೇಲೆ ಪ್ರವಾಸವೆಂಬುದು ಆಲ್ಬಂನ ಜಾಹೀರಾತಾಗಿ ಉಳಿಯಲಿಲ್ಲ. ಆಲ್ಬಂ ಪ್ರವಾಸದ ಜಾಹೀರಾತಾಯಿತು.

ನಮ್ಮ ಬೆಂಗಳೂರು ಕೂಡ ಈ ಲೆಕ್ಕದೊಳಗೆ ಒಮ್ಮೆ ಸೇರಿದೆ. 2003ರ ಏಪ್ರಿಲ್ 4ರಂದು ಅರಮನೆ ಮೈದಾನದಲ್ಲಿ ಸ್ಟೋನ್ಸ್ ತಂಡದ ಕಾರ್ಯಕ್ರಮ ನಡೆಯಿತು. ಭಾರತದಲ್ಲಿ ಅವರ ಮೊದಲ ಸಂಗೀತ ಕಾರ್ಯಕ್ರಮ ಅದೇ; ಬಳಿಕ ಮುಂಬಯಿಯಲ್ಲಿ ಇನ್ನೊಂದು. ಆ 'ಲಿಕ್ಸ್' ಪ್ರವಾಸದ ಹಿಂದಿದ್ದ ಆಲ್ಬಂ 2002ರ 'ಫಾರ್ಟಿ ಲಿಕ್ಸ್'. ಅದರಲ್ಲಿ 40 ಹಾಡುಗಳು: 36 ಹಳೆಯವು, 4 ಹೊಸವು. ಆ್ಯಬ್ಕೊ ವಶದಲ್ಲಿದ್ದ ಅರವತ್ತರ ದಶಕದ ಹಾಡುಗಳೂ ತಂಡದ ಸ್ವಂತ ಹಕ್ಕಿನ ಹಾಡುಗಳೂ ಒಂದೇ ಸಂಗ್ರಹದಲ್ಲಿ ಕೂಡಿಬಂದದ್ದು ಅದೇ ಮೊದಲು. ಗೋದಾಮಿನ ಹಳೆಯ ದಾಸ್ತಾನಿಗೆ ಹತ್ತರಲ್ಲೊಂದು ಪಾಲು ಹೊಸ ಸರಕು ಸೇರಿಸಿ ಪೇಟೆಗೆ ಬಿಟ್ಟ ಈ ಜಾಣ್ಮೆಯನ್ನು ನಮ್ಮ ಚಿಕ್ಕಪೇಟೆಯ ವರ್ತಕರಾದರೂ ಮೆಚ್ಚಿಯಾರು. ಪ್ರಾಸಂಗಿಕವಾಗಿ ಹೇಳುವುದಾದರೆ, ವಿದೇಶಿ ಕ್ರೀಡಾಪಟುಗಳಿಗೆ ಅನ್ವಯಿಸುತ್ತಿದ್ದ 1961ರ ಆದಾಯ ತೆರಿಗೆ ಕಾಯಿದೆಯ 115ಬಿಬಿಎ ಕಲಮಿನ ವ್ಯಾಪ್ತಿಗೆ ವಿದೇಶಿ ಮನರಂಜನಾ ಕಲಾವಿದರನ್ನು ಸೇರಿಸಿದ್ದು 2012ರ ಹಣಕಾಸು ಕಾಯಿದೆ, ಶೇ. 20ರ ದರದಲ್ಲಿ. ಸ್ಟೋನ್ಸ್ ಬಂದುಹೋದ ಒಂಬತ್ತು ವರ್ಷಗಳ ಮೇಲೆ!

2005ರಿಂದ 2007ರವರೆಗೆ ನಡೆದ 'ಎ ಬಿಗ್ಗರ್ ಬ್ಯಾಂಗ್' ಪ್ರವಾಸದ ಒಟ್ಟು ವಸೂಲಿ ಸುಮಾರು 55.8 ಕೋಟಿ ಡಾಲರ್. ಅಂದಿಗೆ ಅದು ವಿಶ್ವದಾಖಲೆ. ಅದೇ ಹೆಸರಿನ ಆಲ್ಬಂ ಅಮೆರಿಕದ ಮಾರಾಟ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ಬಂದು ಬೇಗನೆ ಇಳಿದುಹೋಯಿತು. ಪ್ರವಾಸದ ವಸೂಲಿಯ ಮುಂದೆ ಆಲ್ಬಂನ ಆದಾಯ ಪ್ರಚಾರ ವೆಚ್ಚದ ಬಾಬಿಗೆ ಸಮನಾಗುವಷ್ಟು ಚಿಕ್ಕದು.

ಮೊದಲ ವಾರದ ಗ್ರಾಹಕರು

ಹಾಗೆಂದು ಹಿರಿಯ ಕಲಾವಿದರ ಆಲ್ಬಂ ಮಾರಾಟವಾಗುವುದೇ ಇಲ್ಲವೆಂದು ತಿಳಿಯಬಾರದು. ಈಗಲ್ಸ್ ತಂಡದ 'ಲಾಂಗ್ ರೋಡ್ ಔಟ್ ಆಫ್ ಈಡನ್' 2007ರಲ್ಲಿ ಹೊರಬಂತು. 1979ರ ನಂತರ ಪೂರ್ತಿ ಹೊಸ ಹಾಡುಗಳಿದ್ದ ಅವರ ಮೊದಲ ಆಲ್ಬಂ ಅದು. 28 ವರ್ಷಗಳ ಅಂತರ. ಅಮೆರಿಕದಲ್ಲಿ ಧ್ವನಿಮುದ್ರಿಕಾ ಕಂಪನಿಯ ನೆರವನ್ನೇ ಪಡೆಯದೆ, ವಾಲ್‌ಮಾರ್ಟ್ ಮಳಿಗೆಗಳ ಮೂಲಕ ಮಾತ್ರ, ಎರಡು ಸಿ.ಡಿ.ಗಳ ಆಲ್ಬಮನ್ನು 11.88 ಡಾಲರ್‌ಗೆ ಮಾರಿದರು. ಮೊದಲ ವಾರದಲ್ಲೇ 7 ಲಕ್ಷ 11 ಸಾವಿರ ಪ್ರತಿಗಳು ಖರ್ಚಾದವು. ಒಂದೇ ಮಳಿಗೆಯಲ್ಲಿ ದೊರೆಯುವ ಸರಕನ್ನು ಮುಖ್ಯ ಪಟ್ಟಿಗೆ ಸೇರಿಸಬಾರದೆಂಬ ನಿಯಮವಿದ್ದ ಬಿಲ್‌ಬೋರ್ಡ್ ಪತ್ರಿಕೆಯು ಆ ವಾರವೇ ನಿಯಮವನ್ನು ಬದಲಿಸಬೇಕಾಯಿತು. ಫಲವಾಗಿ ಮೊದಲ ಸ್ಥಾನ ನಿಶ್ಚಿತವೆಂದಿದ್ದ ತರುಣ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಎರಡನೆಯ ಸ್ಥಾನಕ್ಕೆ ಸರಿದರು. ಮರುವರ್ಷ ಆಸ್ಟ್ರೇಲಿಯಾದ ಎ.ಸಿ./ಡಿ.ಸಿ. ತಂಡ ಇದೇ ವಾಲ್‌ಮಾರ್ಟ್ ಮಾರ್ಗ ಹಿಡಿದು 'ಬ್ಲ್ಯಾಕ್ ಐಸ್' ಆಲ್ಬಂನ 7 ಲಕ್ಷ 84 ಸಾವಿರ ಪ್ರತಿಗಳನ್ನು ಅಮೆರಿಕದಲ್ಲಿ ಒಂದು ವಾರದಲ್ಲಿ ಮಾರಿತು. ಈ ತಂಡ 2012ರ ನವೆಂಬರ್‌ವರೆಗೂ ಆ್ಯಪಲ್ ಕಂಪನಿಯ ಐಟ್ಯೂನ್ಸ್ ಮಳಿಗೆಗೆ ತನ್ನ ಹಾಡುಗಳನ್ನು ಕೊಡಲೇ ಇಲ್ಲ. ತನ್ನ ಗ್ರಾಹಕ ಯಾರು, ಅವನು ಎಲ್ಲಿ ಸಾಮಾನು ಕೊಳ್ಳುತ್ತಾನೆ, ಕೈಯಲ್ಲಿ ಹಿಡಿಯುವ ಸರಕಿಗೆ ಎಷ್ಟು ಬೆಲೆ ಕೊಡುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು.

ಆದರೆ ಅದೇ 2008ರ ನವೆಂಬರಿನಲ್ಲಿ ಗನ್ಸ್ ಅಂಡ್ ರೋಸಸ್ ತಂಡದ 'ಚೈನೀಸ್ ಡೆಮಾಕ್ರಸಿ' ಬೆಸ್ಟ್ ಬೈ ಮಳಿಗೆಗಳಲ್ಲಿ ಬಿಡುಗಡೆಯಾದಾಗ ಮೊದಲ ವಾರ ಹೋದದ್ದು 2 ಲಕ್ಷ 61 ಸಾವಿರ ಪ್ರತಿಗಳು ಮಾತ್ರ. ಸ್ವಂತ ಹೊಸ ಹಾಡುಗಳಿಗಾಗಿ ಅಭಿಮಾನಿಗಳು 17 ವರ್ಷ ಕಾದಿದ್ದರು. ಧ್ವನಿಮುದ್ರಣಕ್ಕೆ ಒಂದು ಕೋಟಿ ಡಾಲರ್‌ಗೂ ಮಿಕ್ಕಿ ವೆಚ್ಚವಾಗಿತ್ತೆಂದು ವರದಿಯಾಗಿತ್ತು. ಹಂಚಿಕೆಯ ವಿಧಾನ ಒಂದೇ, ವರ್ಷವೂ ಒಂದೇ. ಫಲಿತಾಂಶ ಮಾತ್ರ ಮೂರನೆಯ ಒಂದು ಪಾಲು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಎ.ಸಿ./ಡಿ.ಸಿ. ತಂಡದಲ್ಲಿ ಅಭಿಮಾನಿ ಗುರುತಿಸುವ ಮುಖಗಳು ಹಾಗೆಯೇ ಇದ್ದವು. ಗನ್ಸ್ ಅಂಡ್ ರೋಸಸ್‌ನಲ್ಲಿ ಗಾಯಕ ಆಕ್ಸೆಲ್ ರೋಸ್ ಹೊರತು ಜನ ಮೆಚ್ಚಿದ್ದ ಪ್ರಮುಖ ಪಾಲುದಾರರೆಲ್ಲ ಹೊರನಡೆದಿದ್ದರು. ಫಲಕ ಅದೇ, ಅಂಗಡಿಯೊಳಗಿನವರು ಬೇರೆ. 2016ರಲ್ಲಿ ಗಿಟಾರ್ ವಾದಕ ಸ್ಲ್ಯಾಶ್ ಮತ್ತು ಡಫ್ ಮೆಕೇಗನ್ ಮರಳಿ ಸೇರಿಕೊಂಡು ಹೊರಟ ಪ್ರವಾಸವು 2019ರವರೆಗೆ ನಡೆದು ಸುಮಾರು 58.4 ಕೋಟಿ ಡಾಲರ್ ಗಳಿಸಿತು. ಅದಕ್ಕೆ ಹೊಸ ಆಲ್ಬಂ ಇರಲೇ ಇಲ್ಲ.

ಈ ಕೊನೆಯ ಸಂಗತಿ ನಾವು ಮೇಲೆ ತಲುಪಿದ ತೀರ್ಮಾನವನ್ನು ಅಲುಗಿಸುತ್ತದೆ. ಆಲ್ಬಂ ಎಂಬುದು ಪ್ರವಾಸದ ಪ್ರಚಾರ ವೆಚ್ಚವೇ ಆಗಿದ್ದರೆ, ಅದಿಲ್ಲದೆ ಪ್ರವಾಸ ಸೊರಗಬೇಕಿತ್ತು. ಸೊರಗಲಿಲ್ಲ. ಸ್ಟೋನ್ಸ್ ತಂಡದ 'ನೋ ಫಿಲ್ಟರ್' ಪ್ರವಾಸ 2017ರಿಂದ 2021ರವರೆಗೆ, ಕೋವಿಡ್ ಬಿಡುವಿನೊಂದಿಗೆ, ಸ್ವಂತ ಹೊಸ ಹಾಡುಗಳ ಆಲ್ಬಂ ಇಲ್ಲದೆಯೇ ಸುಮಾರು 54.6 ಕೋಟಿ ಡಾಲರ್ ವಸೂಲು ಮಾಡಿತು. 2016ರಲ್ಲಿ ಅವರು ಹೊರತಂದ 'ಬ್ಲೂ ಅಂಡ್ ಲೋನ್ಸಮ್' ಅನ್ಯರ ಹಳೆಯ ಬ್ಲೂಸ್ ಹಾಡುಗಳ ಆಲ್ಬಂ. ಹಾಗಾದರೆ ಹೊಸ ಆಲ್ಬಂ ಜಾಹೀರಾತೂ ಅಲ್ಲ, ಹೇಳಿಕೊಳ್ಳುವ ಆದಾಯವೂ ಅಲ್ಲ.

ಅಢಾವೆ ಪತ್ರಿಕೆಯಲ್ಲಿ ಕಾಣದ ಆಸ್ತಿ

ಅಮೂರ್ತ ಆಸ್ತಿಗಳನ್ನು ಕುರಿತ ನಮ್ಮ ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಸ್ಥೆಯು ತಾನೇ ಬೆಳೆಸಿಕೊಂಡ ಬ್ರ್ಯಾಂಡ್, ಗ್ರಾಹಕರ ಪಟ್ಟಿ, ಕೀರ್ತಿಮೌಲ್ಯ ಇವುಗಳನ್ನು ಆಸ್ತಿಯೆಂದು ಅಢಾವೆ ಪತ್ರಿಕೆಯಲ್ಲಿ ತೋರಿಸುವಂತಿಲ್ಲ. ವೆಚ್ಚವನ್ನು ವಿಶ್ವಾಸಾರ್ಹವಾಗಿ ಅಳೆಯಲಾಗದೆಂಬುದು ಮುಖ್ಯ ಕಾರಣ. ರೋಲಿಂಗ್ ಸ್ಟೋನ್ಸ್ ಅಭಿಮಾನಿಗಳ ನಿಷ್ಠೆ ಅಂಥ ಆಸ್ತಿ. ಎಲ್ಲ ಆದಾಯದ ಮೂಲವೂ ಅದೇ, ಆದರೆ ಯಾವ ಪುಟದಲ್ಲೂ ಅದರ ಹೆಸರಿಲ್ಲ. ಪುಸ್ತಕದಲ್ಲಿಲ್ಲದ ಆಸ್ತಿಗೆ ಸವಕಳಿ ಇಲ್ಲವೆಂದು ಮಾತ್ರ ಯಾರೂ ಭಾವಿಸಬಾರದು.

ಲೆಕ್ಕಪರಿಶೋಧನೆಯಲ್ಲಿ ನಾವು ಪ್ರತಿ ವರ್ಷ ಕೇಳಿಕೊಳ್ಳುವ ಮೂಲಭೂತ ಪ್ರಶ್ನೆಯೊಂದಿದೆ: ಈ ಸಂಸ್ಥೆ ಮುಂದುವರಿಯುವ ಉದ್ದಿಮೆಯೇ, ಅಥವಾ ಇರುವ ದಾಸ್ತಾನನ್ನು ಮಾರಿ ಮುಗಿಸುತ್ತಿದೆಯೇ? ಉತ್ತರ ಬದಲಾದೊಡನೆ ಅದೇ ಯಂತ್ರ, ಅದೇ ಕಟ್ಟಡಗಳ ಮೌಲ್ಯಮಾಪನವೂ ಬದಲಾಗುತ್ತದೆ. ಹಿರಿಯ ಕಲಾವಿದನ ಹೊಸ ಆಲ್ಬಂ ಅಭಿಮಾನಿಗೆ ನೀಡುವುದು ಈ ಪ್ರಶ್ನೆಗೆ ಉತ್ತರವನ್ನು ಎಂಬುದು ನನ್ನ ಅಭಿಪ್ರಾಯ. ಹಳೆಯ ಹಾಡುಗಳನ್ನಷ್ಟೇ ಹಾಡುವ ತಂಡ ತನ್ನ ದಾಸ್ತಾನು ಕರಗಿಸುತ್ತಿದೆ. ಹೊಸ ಹಾಡು ಕಟ್ಟುವ ತಂಡ ಕಾರ್ಖಾನೆ ನಡೆಸುತ್ತಿದೆ. ಆ ಹೊಸ ಹಾಡನ್ನು ಅಭಿಮಾನಿ ಎಷ್ಟು ಬಾರಿ ಕೇಳಿದನೆಂಬುದು ಗೌಣ. ಮೊದಲ ವಾರವೇ ಹೋಗಿ ಕೊಂಡನಲ್ಲ, ಅದು ಮುಖ್ಯ. ಮೊದಲ ವಾರದ ಮಾರಾಟವೆಂದರೆ ನಿಷ್ಠೆಯೆಂಬ ಅಮೂರ್ತ ಆಸ್ತಿಯ ಭೌತಿಕ ಪರಿಶೀಲನೆ; ವರ್ಷಾಂತ್ಯದಲ್ಲಿ ಗೋದಾಮಿಗೆ ಹೋಗಿ ಮೂಟೆ ಎಣಿಸಿದಂತೆ.

2021ರ ಆಗಸ್ಟ್‌ನಲ್ಲಿ ಡ್ರಮ್ ವಾದಕ ಚಾರ್ಲಿ ವಾಟ್ಸ್ ನಿಧನರಾದ ಮೇಲೆ ಸ್ಟೋನ್ಸ್ ಬಗ್ಗೆ ಈ ಪ್ರಶ್ನೆ ತೀವ್ರವಾಗಿ ಎದ್ದಿತ್ತು. 1963ರಿಂದ ತಂಡದಲ್ಲಿದ್ದ ಪಾಲುದಾರ ಅವರು. 'ಹ್ಯಾಕ್ನಿ ಡೈಮಂಡ್ಸ್' ಅದಕ್ಕೆ ಉತ್ತರವಾಗಿ ಬಂತು. ವಾಟ್ಸ್ ಮೊದಲೇ ನುಡಿಸಿಟ್ಟಿದ್ದ ಎರಡು ಹಾಡುಗಳೂ ಅದರಲ್ಲಿವೆ. ಉಳಿದವುಗಳಿಗೆ ಸ್ಟೀವ್ ಜೋರ್ಡನ್. ನಿರ್ಮಾಪಕ ಆ್ಯಂಡ್ರೂ ವಾಟ್ ಹುಟ್ಟಿದ್ದು 1990ರಲ್ಲಿ. ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೂ ಅಮೆರಿಕದಲ್ಲಿ ಮೂರನೆಯ ಸ್ಥಾನಕ್ಕೂ ಬಂತು. ಅಮೆರಿಕದಲ್ಲಿ ಮೊದಲ ವಾರದ ಲೆಕ್ಕ ಸುಮಾರು ಒಂದು ಲಕ್ಷ. ಅದರಲ್ಲಿ ಬಹುಪಾಲು ತಟ್ಟೆಗಳ ಹಾಗೂ ಪೂರ್ಣ ಆಲ್ಬಂನ ನೇರ ಖರೀದಿ. ತರುಣ ಗಾಯಕರ ವಿಷಯದಲ್ಲಿ ಇದು ತಿರುಗುಮುರುಗು. ಅವರ ಅಂಕಿಯ ದೊಡ್ಡ ಭಾಗ ಅಂತರಜಾಲದಲ್ಲಿ ಕೇಳಿದವರಿಂದ ಬರುತ್ತದೆ. 2025ರ ಫೆಬ್ರವರಿಯಲ್ಲಿ ಈ ಆಲ್ಬಂಗೆ ಅತ್ಯುತ್ತಮ ರಾಕ್ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿಯೂ ದೊರೆಯಿತು.

ನಿಷ್ಠೆಯ ಮೇಲಿನ ಹೊರೆ

ಪರಿಶೋಧಕನಾಗಿ ನನಗೆ ಕಳವಳ ತರುವ ಭಾಗ ಮುಂದಿನದು. ಈ ಆಲ್ಬಂ ಬಂದಾಗ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ 30 ತಂಡಗಳ ಹೆಸರಿನಲ್ಲಿ ಪ್ರತ್ಯೇಕ ವಿನೈಲ್ ತಟ್ಟೆಗಳನ್ನು ತಂದರು. ಹಾಡು ಒಂದೇ, ಹೊದಿಕೆ ಮೂವತ್ತು. ಒಬ್ಬನೇ ಅಭಿಮಾನಿ ಎರಡು ಮೂರು ಪ್ರತಿ ಕೊಂಡರೆ ಮಾರಾಟದ ಅಂಕಿ ಏರುತ್ತದೆ, ಅಭಿಮಾನಿಗಳ ಸಂಖ್ಯೆ ಏರುವುದಿಲ್ಲ. ಮೂಟೆ ಎಣಿಸುವವನು ಒಂದೇ ಮೂಟೆಯನ್ನು ಎರಡು ಸಲ ಎಣಿಸಿದ ಹಾಗೆ.

ಟಿಕೆಟ್ ದರವನ್ನೂ ನೋಡೋಣ. 'ಎ ಬಿಗ್ಗರ್ ಬ್ಯಾಂಗ್' ಪ್ರವಾಸದ 55.8 ಕೋಟಿ ಡಾಲರನ್ನು ಸುಮಾರು 47 ಲಕ್ಷ ಟಿಕೆಟ್‌ಗಳಿಗೆ ಹಂಚಿದರೆ ಸರಾಸರಿ 119 ಡಾಲರ್ ಬರುತ್ತದೆ. 2024ರ 'ಹ್ಯಾಕ್ನಿ ಡೈಮಂಡ್ಸ್' ಪ್ರವಾಸದಲ್ಲಿ 8 ಲಕ್ಷ 48 ಸಾವಿರ ಟಿಕೆಟ್‌ಗಳಿಂದ 23.5 ಕೋಟಿ ಡಾಲರ್ ಬಂತು, ಸರಾಸರಿ 277. ಈ ನಡುವೆ ಅಮೆರಿಕದಲ್ಲಿ ಬೆಲೆಗಳು ಶೇ. 55ರಷ್ಟು ಏರಿವೆಯೆಂದು ಹಿಡಿದರೂ 119 ಡಾಲರ್ 185 ಆಗಬೇಕಿತ್ತು. ಮೊದಲನೆಯದು ಹಲವು ಖಂಡಗಳ ಪ್ರವಾಸ, ಎರಡನೆಯದು ಅಮೆರಿಕ ಮತ್ತು ಕೆನಡಾಗಳಿಗೆ ಸೀಮಿತ. ಆದ್ದರಿಂದ ಹೋಲಿಕೆ ಪೂರ್ತಿ ನ್ಯಾಯವಲ್ಲವೆಂದು ಟಿಪ್ಪಣಿ ಹಾಕುತ್ತೇನೆ. ಆದರೂ ದಿಕ್ಕು ಸ್ಪಷ್ಟ. ಕಡಿಮೆ ಜನರಿಂದ ಹೆಚ್ಚು ಹಣ. ಈ ಪ್ರವಾಸದ ಪ್ರಾಯೋಜಕರು ಯಾರೆಂದರೆ ಐವತ್ತು ದಾಟಿದವರ ಹಿತಕ್ಕಾಗಿ ಇರುವ, ನಿವೃತ್ತರ ಸಂಘವೆಂದೇ ಹೆಸರಾದ ಎ.ಎ.ಆರ್.ಪಿ. ಸಂಸ್ಥೆ! ನಗು ಬರಿಸುವ ಸುದ್ದಿಯಾದರೂ ಪ್ರಾಯೋಜಕರು ಲೆಕ್ಕ ತಪ್ಪಿಲ್ಲ. ಮಕ್ಕಳ ಓದು ಮುಗಿದು, ಮನೆಯ ಸಾಲ ತೀರಿ, ಕೈಯಲ್ಲಿ ಹಣವಿರುವ ವರ್ಗ ಅದು.

ಆದರೆ ಆ ವರ್ಗಕ್ಕೆ ಹೊಸ ಭರ್ತಿ ಎಲ್ಲಿಂದ? 277 ಡಾಲರ್ ಕೊಟ್ಟು ಬರುವ ಇಪ್ಪತ್ತರ ತರುಣರು ಎಷ್ಟು ಮಂದಿ? ದರ ಏರಿಸಿ ಈ ವರ್ಷದ ಲಾಭ ಹೆಚ್ಚಿಸಿಕೊಳ್ಳುವುದು ಹಳೆಯ ಗ್ರಾಹಕರಿರುವ ಎಲ್ಲ ವ್ಯಾಪಾರಗಳಲ್ಲೂ ಕಾಣುವ ಆಸೆ. ನನ್ನ ಕಕ್ಷಿದಾರರಲ್ಲೂ ಅದನ್ನು ಕಂಡಿದ್ದೇನೆ. ಖಾತೆಯಲ್ಲಿ ಅದು ಲಾಭವೆಂದೇ ಬೀಳುತ್ತದೆ; ಬಂಡವಾಳ ಕರಗಿಸಿ ತಿಂದದ್ದು ಎಷ್ಟೆಂದು ತೋರಿಸುವ ಕಾಲಂ ಇಲ್ಲ.

ಆಸ್ತಿ ಮಾರಾಟದ ದಾರಿ

ನಿಷ್ಠೆ ಕರಗುವ ಮುನ್ನವೇ ಅದನ್ನು ನಗದಾಗಿಸುವ ಮಾರ್ಗವನ್ನು ಮೊದಲು ತೋರಿಸಿಕೊಟ್ಟವರು ಡೇವಿಡ್ ಬೋವಿ. 1990ಕ್ಕೆ ಮುಂಚಿನ ತಮ್ಮ 25 ಆಲ್ಬಂಗಳ ರಾಯಲ್ಟಿಯನ್ನು ಆಧಾರವಾಗಿಟ್ಟು 1997ರಲ್ಲಿ ಶೇ. 7.9 ಬಡ್ಡಿಯ, ಹತ್ತು ವರ್ಷ ಅವಧಿಯ ಬಾಂಡುಗಳ ಮೂಲಕ 5.5 ಕೋಟಿ ಡಾಲರ್ ಎತ್ತಿದರು. ಬಾಂಡುಗಳನ್ನು ಕೊಂಡದ್ದು ಪ್ರುಡೆನ್ಶಿಯಲ್ ವಿಮಾ ಕಂಪನಿ. ಹಾಡು ಮುಂದೆ ನಲ್ಲಿ ನೀರಿನಂತೆ, ವಿದ್ಯುತ್ತಿನಂತೆ ಆಗಲಿದೆ, ಕಲಾವಿದರು ಊರೂರು ತಿರುಗಲು ಸಿದ್ಧರಾಗಬೇಕು ಎಂದು 2002ರಲ್ಲಿ ಹೇಳಿದವರೂ ಅವರೇ. ಧ್ವನಿಮುದ್ರಿಕಾ ಉದ್ಯಮದ ಕುಸಿತದಿಂದಾಗಿ 2004ರಲ್ಲಿ ಮೂಡೀಸ್ ಸಂಸ್ಥೆ ಆ ಬಾಂಡುಗಳ ದರ್ಜೆಯನ್ನು ತಗ್ಗಿಸಿತು. ಆದರೂ 2007ರಲ್ಲಿ ಸಾಲ ಪೂರ್ಣ ತೀರಿ ಹಕ್ಕುಗಳ ಆದಾಯ ಬೋವಿಯವರಿಗೆ ಮರಳಿತು. ಅದೇ ಬೋವಿ 2016ರ ಜನವರಿ 8ರಂದು, ತಮ್ಮ 69ನೆಯ ಹುಟ್ಟುಹಬ್ಬದಂದು, 'ಬ್ಲ್ಯಾಕ್‌ಸ್ಟಾರ್' ಬಿಡುಗಡೆ ಮಾಡಿ ಎರಡು ದಿನಗಳಲ್ಲಿ ತೀರಿಕೊಂಡರು. ಅಮೆರಿಕದ ಪಟ್ಟಿಯಲ್ಲಿ ಅವರು ಮೊದಲ ಸ್ಥಾನಕ್ಕೆ ಬಂದದ್ದು ಆ ಆಲ್ಬಂನಿಂದಲೇ, ಮರಣಾನಂತರ.

ಬಳಿಕದ ವರ್ಷಗಳಲ್ಲಿ ಬಾಂಡಿನ ಬದಲು ನೇರ ಕ್ರಯವೇ ರೂಢಿಯಾಯಿತು. ಬಾಬ್ ಡಿಲನ್ ತಮ್ಮ ಗೀತರಚನೆಗಳ ಹಕ್ಕನ್ನು 2020ರಲ್ಲಿ ಯೂನಿವರ್ಸಲ್ ಸಂಸ್ಥೆಗೆ ಮಾರಿದರು. 2021ರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್, 2024ರಲ್ಲಿ ಪಿಂಕ್ ಫ್ಲಾಯ್ಡ್ ತಂಡ ಸೋನಿ ಸಂಸ್ಥೆಗೆ ಮಾರಿದರು. ಪಿಂಕ್ ಫ್ಲಾಯ್ಡ್ ವ್ಯವಹಾರದ ಮೊತ್ತ ಸುಮಾರು 40 ಕೋಟಿ ಡಾಲರ್ ಎಂದು ವರದಿಯಾಯಿತು. ವಯಸ್ಸಾದ ಪಾಲುದಾರರಿಗೆ ಉತ್ತರಾಧಿಕಾರದ ತಕರಾರು ತಪ್ಪುವುದು, ವರ್ಷ ವರ್ಷದ ಆದಾಯದ ಬದಲು ಬಂಡವಾಳ ಲಾಭದ ತೆರಿಗೆ ದರ ದೊರೆಯುವುದು, ಇವೆರಡೂ ಸಮಂಜಸ ಕಾರಣಗಳೇ.

ಸ್ಟೋನ್ಸ್ ಅರವತ್ತರ ದಶಕದ ಹಾಡುಗಳನ್ನು ಮಾರಲಾರರು, ಅವು ಅವರ ಕೈಯಲ್ಲಿಲ್ಲ. 1971ರ ನಂತರದವುಗಳನ್ನು ಮಾರುವ ಯೋಜನೆ ಇಲ್ಲವೆಂದು ಜಾಗರ್ 2023ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಗೆ ತಿಳಿಸಿದರು. ಚೆನ್ನಾಗಿ ಬದುಕಲು ತಮ್ಮ ಮಕ್ಕಳಿಗೆ 50 ಕೋಟಿ ಡಾಲರ್ ಬೇಕಾಗಿಲ್ಲ, ಆ ಸ್ವತ್ತು ಬಹುಶಃ ಧರ್ಮಕಾರ್ಯಕ್ಕೆ ಹೋಗಬಹುದು ಎಂಬುದು ಅವರ ಮಾತಿನ ಧಾಟಿ. ಅವರಿಗೆ ಎಂಟು ಮಕ್ಕಳು.